ಲಿವರ್ ಮುಚ್ಚಿಟ್ಟು ಹಾರ್ಟ್ ತೋರಿಸಿದರು

ಗೆಳತಿಯರೇ, ಇವತ್ತು ಚಿತ್ತಾಪುರದಲ್ಲಿ ನಮ್ಮ ಮನೆಯವರ ಸ್ಕ್ಯಾನಿಂಗ್ ವರದಿ ನೋಡಿದ ಡಾಕ್ಟರ್, "ಲಿವರದಾಗ ಕೊಬ್ಬು ಭಾಳ ಆಗ್ಯಾದ್ರಿ," ಎಂದರು.

ಇವರು ಎದ್ದು ನಿಂತೇಬಿಟ್ಟರು. "ನಾ ಕೊರಳಾಗ ಲಿಂಗ ಕಟ್ಕೊಂಡಾಂವ್ರಿ. ಒಂದು ಹನಿ ಮುಟ್ಟಿಲ್ಲ!"

"ಕುಡೀಲಾರದವರಿಗೂ ಬರ್ತದ, ಕುಂದ್ರಿ. ಸಕ್ಕರಿ ಬಿಡ್ರಿ, ದಿನಾ ನಡೀರಿ. ಇದು ಇದ್ದವರಿಗಿ ಮುಂದ ಹಾರ್ಟ್ ಸೋತು ಫೇಲ್ ಆಗೋ ಭಯ ಹೆಚ್ಚು. ಪಾವಟಿಗಿ ಹತ್ತಿದ್ರ ದಮ್ ಹತ್ತತದ ಅಂತೀರಿ, ಹಾರ್ಟಿನ ಎಕೋ ಮಾಡಿಸ್ರಿ."

ನಮ್ಮೂರು ದಂಡೋತಿಗೆ ಮರಳುವ ಬಸ್ಸಿನಲ್ಲಿ ಊರವರು ಏನಾಯಿತೆಂದು ಕೇಳಿದರು. ಇವರು ಸ್ಕ್ಯಾನಿಂಗ್ ವರದಿಯನ್ನು ನನ್ನ ಚೀಲಕ್ಕೆ ತುರುಕಿ, ಎಕೋ ಚೀಟಿಯನ್ನಷ್ಟೇ ತೋರಿಸಿದರು. "ಹಾರ್ಟಿಂದು ಅದರಿ." ಲಿವರ್ ಎಂದರೆ ಮಂದಿ ಕುಡುಕ ಅಂತಾರಂತೆ. ಹಾರ್ಟಿಗಾದರೆ ಮರ್ಯಾದೆ ಇದೆ.

ಸಂಜೆಯೊಳಗೆ ಇಡೀ ಓಣಿ ಮಾತಾಡಿಸಲು ಬಂತು. ಬಂದವರ ಜೊತೆ ಇವರಿಗೂ ಚಹಾ, ಇದು ನಾಲ್ಕನೆಯದು. "ಸಕ್ಕರಿ ಬ್ಯಾಡಂದಾರಲ್ರಿ," ಎಂದು ಕಿವಿಯಲ್ಲಿ ಹೇಳಿದೆ.

"ಬ್ಯಾಡಂದದ್ದು ಲಿವರಿಗಿ. ಈಗ ನಂದು ಹಾರ್ಟಿಂದು ಅಲ್ಲೇನು?"

ಅಂತೂ ಮರ್ಯಾದೆ ಉಳಿಯಿತು. ಹಾರ್ಟಿಗೆ ಏನಾಗಿದೆ ಅಂತ ಎಕೋದವರು ಹೇಳಬೇಕು. ನಾನು ಮತ್ತೆ ಚಹಾಕ್ಕಿಟ್ಟು ಬಂದೆ.