ಮೂರನೇ ಮಹಡಿಯ ಒಕ್ಕಲುತನ

ಅಪ್ಪ ನೌಕರಿಯಿಂದ ನಿವೃತ್ತರಾದ ಮೇಲೆ ಹೈದರಾಬಾದಿನ ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ, ಮೂರನೇ ಮಹಡಿಯ ಮೇಲೆ, ಒಕ್ಕಲುತನ ಶುರುವಾಯಿತು. ಎತ್ತಿಲ್ಲ, ಮಣ್ಣಿಲ್ಲ. ಒಂದು ಫೋನು, ಬಾಲ್ಕನಿಯಲ್ಲೊಂದು ಕುರ್ಚಿ, ರೈತರಿಗೆ ಸಲಹೆ ಕೊಡುವ ಒಂದು ಆ್ಯಪ್, ಇಷ್ಟೇ ಸಾಮಾನು. ಹೊಲ ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ, ಎರಡೂವರೆ ಎಕರೆ. ಅದನ್ನು ಉಳುವವರು ಅಪ್ಪನ ತಮ್ಮ, ನನ್ನ ಕಾಕಾ.

ನಾನು ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಪರೀಕ್ಷೆ ಮಾಡುವವಳು. ಸರಿಯಿದ್ದದ್ದಕ್ಕೊಂದು ಗೀಟು, ಬಿರುಕು ಬಿಟ್ಟದ್ದಕ್ಕೊಂದು ಗೀಟು. ಆ ಚಟ ಮನೆಗೂ ಬಂದಿದೆ. ಅಪ್ಪ ದಿನಕ್ಕೆ ಎಷ್ಟು ಸಲ ಆ್ಯಪ್ ತೆರೆಯುತ್ತಾರೆಂದು ದಿನಚರಿಯಲ್ಲಿ ತಾರೀಖಿನ ಪಕ್ಕ ಗೀಟು ಹಾಕತೊಡಗಿದೆ. ಮೇ ತಿಂಗಳ ಕೊನೆಯ ಭಾನುವಾರ ಇಪ್ಪತ್ತೆರಡು ಬಂತು. ಅವ್ವ ಇಣುಕಿ ನೋಡಿ, "ನನ್ನ ಮಾರಿ ಎಷ್ಟ ಸಲ ನೋಡ್ಯಾರ, ಅದಕ್ಕೂ ಒಂದ ಸಾಲು ಹಾಕವಾ" ಅಂದಳು. ಹಾಕಿದೆ. ಅದು ಇನ್ನೂ ಖಾಲಿ ಇದೆ.

ಅಪ್ಪನನ್ನು ಚುಡಾಯಿಸುವುದು ಸುಲಭ. ಆದರೆ ಅವರ ಆಸೆ ಸಣ್ಣದಾಗಿರಲಿಲ್ಲ. ಹತ್ತೊಂಬತ್ತಕ್ಕೆ ಊರು ಬಿಟ್ಟು ಇಲ್ಲಿಯ ಸರ್ಕಾರಿ ಕಾರ್ಖಾನೆ ಸೇರಿದವರು ಅವರು. ಅಂದಿನಿಂದ ಹೊಲದ ಪಾಲಿಗೆ ನೆಂಟರಾಗಿಬಿಟ್ಟಿದ್ದರು. ಸಂಕ್ರಾಂತಿ ಕಳೆದ ಮೇಲೆ ಕಾಕಾ ಒಂದು ಚೀಲ ತೊಗರಿಬೇಳೆ ಕಳಿಸುತ್ತಿದ್ದರು. ಯಾವ ಬೀಜ ಹಾಕೋಣ, ಯಾವಾಗ ಬಿತ್ತೋಣ ಎಂದು ಅಪ್ಪನನ್ನು ಯಾರೂ ಕೇಳುತ್ತಿರಲಿಲ್ಲ. ಈ ವರ್ಷ ಅಪ್ಪನೇ ಬಾಯಿಬಿಟ್ಟು, "ಬಿತ್ತೋ ದಿನ ನಾ ಹೇಳ್ತೀನಿ" ಅಂದಿದ್ದರು. ಕಾಕಾ ಒಪ್ಪಿದ್ದರು. ಹೊಸ ತಳಿಯ ತೊಗರಿ ಬೀಜ ಅವರಿಗೆ ಒಂದೇ ಬಿತ್ತನೆಗೆ ಸಾಲುವಷ್ಟು ಸಿಕ್ಕಿತ್ತು. ಅದು ಮೊಳೆಯದೆ ಹೋದರೆ ಬೇರೆ ಬೀಜ ಸಿಗುವಂತಿರಲಿಲ್ಲ. ಅಪ್ಪನ ಮಾತಿಗೂ ಆಮೇಲೆ ಮನೆಯಲ್ಲಿ ಬೆಲೆ ಉಳಿಯುವಂತಿರಲಿಲ್ಲ.

ಜೂನ್ ಮೊದಲ ವಾರದಿಂದ ಅಪ್ಪ ಆ್ಯಪಿನ ಸಂದೇಶಗಳನ್ನು ಕಾಕಾಗೆ ಕಳಿಸತೊಡಗಿದರು. ಒಂದು ಸಂಜೆ ಕಾಕಾ ಫೋನ್ ಮಾಡಿದರು. ಅಪ್ಪನದು ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುವ ರೂಢಿ, ಹಾಗಾಗಿ ಎಲ್ಲರಿಗೂ ಕೇಳಿಸಿತು.

"ಅಣ್ಣಾ, 'ನಿಮ್ಮ ಹೊಲ ಹಸಿರಾಗಿದೆ, ಬೆಳೆ ಆರೋಗ್ಯವಾಗಿದೆ' ಅಂತ ಬಂದೈತಿ. ಯಾವ ಬೆಳಿ? ಇನ್ನ ಬಿತ್ತೇ ಇಲ್ಲಲ್ಲ."

"ಮ್ಯಾಲಿಂದ ಉಪಗ್ರಹ ನೋಡ್ತೈತಿ ತಮ್ಮಾ. ಕಸ-ಕಳೆ ಎದ್ದಿರಬೇಕು."

"ಕಸ ಎಲ್ಲೈತಿ? ನಾ ಹೊಲದಾಗ ನಿಂತೀನಿ."

"ನಿನ್ನ ಕಣ್ಣಿಗೆ ಕಾಣೂದಿಲ್ಲ. ಅದು ಭಾಳ ಎತ್ತರದಿಂದ ನೋಡ್ತೈತಿ."

ಇಷ್ಟು ಗಟ್ಟಿಯಾದ ವಾದವನ್ನು ಕಾಕಾ ಒಪ್ಪಲೇಬೇಕಾಯಿತು. ಮರುದಿನ ಇಲ್ಲದ ಕಳೆ ಕೀಳಲು ಹೊಲಕ್ಕೆ ಇನ್ನೊಮ್ಮೆ ಕುಂಟೆ ಹೊಡೆದರು. ನಾಲ್ಕು ದಿನ ಬಿಟ್ಟು ಹೊಸ ಸಂದೇಶ ಬಂತು: ಹಸಿರು ಇನ್ನಷ್ಟು ಹೆಚ್ಚಾಗಿದೆ. ಕಾಕಾ ಮತ್ತೊಮ್ಮೆ ಕುಂಟೆ ಹೊಡೆದು ಫೋನ್ ಮಾಡಿದರು. "ಅಣ್ಣಾ, ಈಗ ಹೊಲದಾಗ ಹಸರ ಅಂದ್ರ ನನ್ನ ಟಾವೆಲ್ ಒಂದ ಐತಿ. ಅದನ್ನೂ ತಗೊಂಡ ಮನಿಗೆ ಹೋಗ್ಲೇನು?"

ಎರಡನೇ ವಾರ ಹೈದರಾಬಾದಿನಲ್ಲಿ ಮೂರು ಸಂಜೆ ಬಿಡದೆ ಮಳೆ ಹುಯ್ಯಿತು. ಮೆಟ್ರೋ ಕಂಬಗಳ ಕೆಳಗೆ ಮೊಣಕಾಲುದ್ದ ನೀರು ನಿಂತು ನಾನು ಮನೆ ಸೇರುವುದು ತಡವಾಗುತ್ತಿತ್ತು. ಗುರುವಾರ ಬೆಳಿಗ್ಗೆ ಆ್ಯಪ್ ಹೇಳಿತು: ನಿಮ್ಮ ಹೊಲದಲ್ಲಿ ಬಿತ್ತನೆಗೆ ಬೇಕಾದ ತೇವವಿದೆ. ಅಪ್ಪ ಕುರ್ಚಿಯಿಂದ ಎದ್ದು ನಿಂತೇ ಫೋನ್ ಮಾಡಿದರು.

"ನಾಳೆ ಬಿತ್ತು."

"ಇಲ್ಲಿ ಮಿರಗದ ಮಳಿ ನಾಕ ಹನಿ ಉದುರಿಸಿ ಹೋಗೈತಿ ಅಣ್ಣಾ. ಮ್ಯಾಲ ಹಸಿ, ಕೆಳಗ ಒಣ."

"ಯಂತ್ರ ಒಳಗಿನ ಹಸಿ ನೋಡ್ತೈತಿ. ಮುಂದೂ ಮಳಿ ಐತಿ ಅಂತೈತಿ."

ಕಾಕಾ ಪಾಳಿಯ ಲೆಕ್ಕ ಹಾಕಿದರು. ಅವರ ಊರಿನಲ್ಲಿ ಟ್ರ್ಯಾಕ್ಟರಿಗೆ ಕಟ್ಟಿ ಬೀಜ ಬಿತ್ತುವ ಕೂರಿಗೆ ಒಂದೇ. ಬಿತ್ತುವವರೆಲ್ಲ ಪಾಳಿ ಹಚ್ಚಬೇಕು. "ಆತು. ನಾಳೆ ಕೂರಿಗಿ ಪಾಳಿನೂ ನಮ್ದ ಐತಿ. ನೀ ಅಂದಿ ಅಂದ ಮ್ಯಾಲ ಮುಗೀತು."

ಅಂದು ಸಂಜೆ ಕೆಲಸದಿಂದ ಬಂದವಳು ಅಪ್ಪನ ಫೋನ್ ಕೈಗೆತ್ತಿಕೊಂಡೆ. ಬಿತ್ತದ ಹೊಲ ಹಸಿರಾದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ್ಯಪಿನಲ್ಲಿ 'ನನ್ನ ಹೊಲ' ಎಂದಿದ್ದದ್ದನ್ನು ಒತ್ತಿದೆ. ನಕ್ಷೆ ತೆರೆಯಿತು. ಹಳದಿ ಗೆರೆಯೊಳಗೆ ನಮ್ಮ ಹೊಲ, ಹೊಲದ ಪಕ್ಕದಲ್ಲೇ ನಮ್ಮ ಬೀದಿ, ಅದರಾಚೆ ಮೆಟ್ರೋ ಹಳಿ.

"ಅಪ್ಪಾ, ನಮ್ಮ ಹೊಲದಾಗ ಫಂಕ್ಷನ್ ಹಾಲ್ ಯಾವಾಗ ಕಟ್ಟಿಸಿದ್ರಿ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

ಸಂಗತಿ ಹೊರಬಿತ್ತು. ಏಪ್ರಿಲ್‌ನಲ್ಲಿ ಹೆಸರು ನೋಂದಾಯಿಸುವಾಗ ಆ್ಯಪ್, ಫೋನ್ ಹಿಡಿದು ಹೊಲದ ಬದುವಿನ ಗುಂಟ ಒಂದು ಸುತ್ತು ನಡೆಯಿರಿ ಎಂದಿತ್ತು. ನಡೆಯದೆ ಮುಂದಕ್ಕೆ ಬಿಡುತ್ತಿರಲಿಲ್ಲ.

"ಊರಿಗೆ ಹೋಗಾಕ ಬಿಸಿಲು ನೋಡವಾ. ಹ್ಯಾಂಗ ನಡೀತೈತಿ ನೋಡೂಣಂತ ವಾಕಿಂಗ್ ಹೋದಾಗ ಪಾರ್ಕಿಗೆ ಸುತ್ತ ಹಾಕಿದೆ. ಒಂದೂವರೆ ಎಕರೆ ಬಂತು. ನಮ್ದು ಎರಡೂವರೆ ಅಲ್ಲ? ಅದಕ್ಕ ಬಾಜೂಕಿನ ಫಂಕ್ಷನ್ ಹಾಲ್‌ನೂ ಸೇರಿಸಿದೆ. ಆಮ್ಯಾಲ ಊರಿಗೆ ಹೋದಾಗ ಸರಿ ಮಾಡಬೇಕಂತಿದ್ದೆ. ಮರ್ತಬಿಟ್ಟೆ."

"ಛಲೋ ಆತು ಬಿಡ್ರಿ," ಅಂದಳು ಅವ್ವ. "ಮೆಟ್ರೋ ಸ್ಟೇಷನ್ನಿಗೂ ಒಂದ ಸುತ್ತ ಹಾಕಿದ್ರ ಜಮೀನ್ದಾರ್ರ ಆಗಿಬಿಡ್ತಿದ್ರಿ."

ಪಾಪ, ಆ್ಯಪ್ ಒಂದು ಸುಳ್ಳನ್ನೂ ಹೇಳಿರಲಿಲ್ಲ. ದಿನಾ ನೀರು ಕುಡಿದ ಪಾರ್ಕಿನ ಹುಲ್ಲು ನಿಜವಾಗಿಯೂ ಆರೋಗ್ಯವಾಗಿತ್ತು. ತೇವವೂ ಬೇಕಾದಷ್ಟಿತ್ತು. ಆದರೆ ನಮಗೆ ನಗಲು ಪುರಸೊತ್ತಿರಲಿಲ್ಲ. ಬೆಳಗಾದರೆ ರಾಯಚೂರಿನ ಒಣ ಮಣ್ಣಿಗೆ ಬೀಜ ಬೀಳುತ್ತಿತ್ತು. ಅಪ್ಪ ಫೋನ್ ಮಾಡಿದರು.

"ತಮ್ಮಾ, ನಾಳೆ ಬ್ಯಾಡ. ಅವರ ಸರ್ವರ್ ಕೆಟ್ಟೈತಂತ."

"ಬೀಜಕ್ಕ ಔಷಧ ಕಲಸಬೇಕಂತ ಈಗ ಕುಂತೀನಿ. ಮುಂಜಾನೆ ಬಂದಿದ್ದು ಸುಳ್ಳೇನು ಹಂಗಾರ?"

"ಸುಳ್ಳಲ್ಲ, ಖರೇನ. ಆದ್ರ…"

"ಖರೇ ಇದ್ರ ಬಿತ್ತತೀನಿ. ಪಾಳಿ ತಪ್ಪಿದ್ರ ಮತ್ತ ವಾರ ಕಾಯಬೇಕು. ಸರ್ವರ್ ಕೆಟ್ರ ಹಸಿ ಆರತೈತೇನ ಅಣ್ಣಾ?"

ಅಪ್ಪ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ಅವ್ವ ಸೌಟು ನೋಡಿಕೊಂಡಳು.

"ತಮ್ಮಾ," ಅಂದರು ಅಪ್ಪ, "ಅದು ನಮ್ಮ ಹೊಲ ಅಲ್ಲ. ನಮ್ಮ ಮನಿ ಮುಂದಿನ ಪಾರ್ಕು. ನಾ ಊರಿಗೆ ಬರದ ಇಲ್ಲೇ ಸುತ್ತ ಹಾಕಿದ್ದೆ. ಎಕರೆ ಕಡಿಮಿ ಬಿತ್ತಂತ ಫಂಕ್ಷನ್ ಹಾಲ್‌ನೂ ಸೇರಿಸಿದ್ದೆ."

ಕಾಕಾ ಅದನ್ನೇ ಪಕ್ಕದಲ್ಲಿದ್ದ ಕಾಕಿಗೆ ಹೇಳಿದ್ದು ಕೇಳಿಸಿತು. ಮೊದಲು ಕಾಕಿ ನಕ್ಕರು, ಅವರ ಹಿಂದೆ ಕಾಕಾ.

"ಅಂದ್ರ ನಾ ಎರಡ ಸಲ ಕುಂಟಿ ಹೊಡದದ್ದು ನಿಮ್ಮ ಪಾರ್ಕಿನ ಹುಲ್ಲಿಗೇನಣ್ಣಾ?"

ಅಪ್ಪ ನಗಲಿಲ್ಲ. "ಬೀಜ ಹಾಳಾಗತಿತ್ತು. ಇನ್ನ ನೀನ ನೋಡ್ಕೋ. ನಾ ಹೇಳೂದಿಲ್ಲ."

"ಹಂಗ ತಪ್ಪಿಸ್ಕೋಬ್ಯಾಡ. ಬಾಜೂ ಹೊಲದವ್ರಿಗೆ ಬೋರಿನ ನೀರೈತಿ, ನಾಳಿನ ಪಾಳಿ ಅವರಿಗೆ ಕೊಟ್ಟು ಅವರದು ನಾ ತಗೋತೀನಿ. ನೀ ಶನಿವಾರ ಬಸ್ ಹತ್ತು."

ಶನಿವಾರ ಇಮ್ಲಿಬನ್ ನಿಲ್ದಾಣದಿಂದ ಅಪ್ಪನೂ ನಾನೂ ಊರಿನ ಬಸ್ ಹತ್ತಿದೆವು. ಊರು ಮುಟ್ಟಿ, ಸಂಜೆಯ ಇಳಿಬಿಸಿಲಿನಲ್ಲಿ ಅಪ್ಪ ಫೋನನ್ನು ಆರತಿ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಬದುವಿನ ಮೇಲೆ ಹೊರಟರು. ಹಿಂದೆ ಕಾಕಾ, ಅವರ ಹಿಂದೆ ನಾನು. ಒಂದು ಮೂಲೆಯಲ್ಲಿ ಜಾಲಿಮುಳ್ಳು ಕಂಡು ಅಪ್ಪ ಅಡ್ಡ ಹಾಯಲು ನೋಡಿದರು.

"ಮೂಲಿ ಬಿಡಬ್ಯಾಡಣ್ಣಾ," ಅಂದರು ಕಾಕಾ. "ಎಕರೆ ಕಡಿಮಿ ಬಿದ್ರ ಸೇರಸಾಕ ಇಲ್ಲಿ ಫಂಕ್ಷನ್ ಹಾಲ್ ಇಲ್ಲ."

ಅಪ್ಪನ ಪಂಚೆಗೆ ಮುಳ್ಳು ಸಿಕ್ಕಿಕೊಂಡಿತು, ಅವರು ಮೂಲೆ ಮಾತ್ರ ಬಿಡಲಿಲ್ಲ. ಮರುದಿನ ಹೊಸ ಸಂದೇಶ ಬಂತು: ಮಣ್ಣಿನಲ್ಲಿ ತೇವ ಸಾಲದು, ಬಿತ್ತಬೇಡಿ, ವಾರದ ನಡುವೆ ಮಳೆಯಾಗಬಹುದು. ಕಾಕಾ ಅದನ್ನು ಎರಡು ಸಲ ಓದಿಸಿದರು. "ಹಾಂ, ಈಗ ನಮ್ಮ ಹೊಲದ ಮಾತ ಆಡಾಕತ್ತೈತಿ."

ರಜೆ ಮುಗಿದು ನಾನು ವಾಪಸು ಬಂದೆ. ಅಪ್ಪ ಅಲ್ಲೇ ಉಳಿದರು. ಬುಧವಾರ ಮಳೆ ಬಂತು, ಗುರುವಾರವೂ ಬಂತು. ಶನಿವಾರ ಬೆಳಿಗ್ಗೆ ಕಾಕಿ ಹೊಲದಿಂದ ವಿಡಿಯೊ ಕರೆ ಮಾಡಿದರು. ಕಾಕಾ ಟ್ರ್ಯಾಕ್ಟರ್ ನಡೆಸುತ್ತಿದ್ದರು. ಹಿಂದೆ ಕೂರಿಗೆಯ ಹಲಗೆಯ ಮೇಲೆ, ಕಂಬಿ ಹಿಡಿದು, ಅಪ್ಪ. ಬೀಜ ಇಳಿಯುವ ಕೊಳವೆ ಯಾವುದಾದರೂ ಕಟ್ಟಿಕೊಂಡರೆ ಕೂಗಿ ಹೇಳುವುದು ಅವರ ಕೆಲಸ.

"ಅಪ್ಪಾ, ಈ ಕಡೆ ನೋಡ್ರಿ," ಎಂದು ನಾನೂ ಅವ್ವನೂ ಕೂಗಿದೆವು. ಅವರು ನೋಡಲಿಲ್ಲ. ಅವರ ಕಣ್ಣು ಕೊಳವೆಗಳ ಮೇಲಿತ್ತು. ಇದ್ದಕ್ಕಿದ್ದಂತೆ ಕಾರ್ಖಾನೆಯಲ್ಲಿ ಕೂಗುತ್ತಿದ್ದ ದನಿಯಲ್ಲೇ, "ಸ್ಟಾಪ್! ಸ್ಟಾಪ್!" ಎಂದು ಕಿರುಚಿದರು. ಟ್ರ್ಯಾಕ್ಟರ್ ನಿಂತಿತು.

ಕಾಕಾ ಇಳಿದು ಬಂದು, ಒಂದು ಕೊಳವೆಯ ಬಾಯಿಯಿಂದ ಹಸಿ ಮಣ್ಣು ಕೆದಕಿ ತೆಗೆದರು. "ಛಲೋ ಕಂಡಿ ಅಣ್ಣಾ. ಇನ್ನೊಂದೀಟ ಮೊದಲ ಒದರಿದ್ರ ಇನ್ನೂ ಛಲೋ ಇತ್ತು. ಅಷ್ಟು ಜಾಗಾ ಖಾಲಿ ಬಿದ್ದೈತಿ ನೋಡು."

ಅಪ್ಪ ಕೂರಿಗೆಯ ಬೀಜದ ಪೆಟ್ಟಿಗೆಯಿಂದ ಒಂದು ಹಿಡಿ ತೆಗೆದುಕೊಂಡು, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ, ಖಾಲಿ ಬಿದ್ದ ಸಾಲಿನಲ್ಲಿ ಬಗ್ಗಿ ಒಂದೊಂದೇ ಕಾಳು ಬಿಡುತ್ತಾ, ಕಾಲಿನಿಂದ ಮಣ್ಣು ಎಳೆಯುತ್ತಾ ಬಂದರು. ಕಾಕಾ ಎಂಜಿನ್ ಆರಿಸಿ ಕಾಯುತ್ತಿದ್ದರು. ಅಪ್ಪ ಮತ್ತೆ ಹಲಗೆ ಹತ್ತಿ, ಎಲ್ಲ ಕೊಳವೆಗಳನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿದರು.

"ಹೊಡಿಲೇನಣ್ಣಾ?" ಕೇಳಿದರು ಕಾಕಾ.

"ಹೊಡಿ," ಅಂದರು ಅಪ್ಪ.