ಮಾಡಿ ತೋರ್ಸವ್ವಾ

ಆದೋನಿಯಲ್ಲಿ ನಾನು ಗುಮಾಸ್ತನಾಗಿದ್ದ ವಕೀಲರ ಕೋಣೆಯಲ್ಲಿ ಮೇಜು ಯಾವಾಗಲೂ ಗೋಡೆಗೆ ಒತ್ತಿಕೊಂಡೇ ಇರುತ್ತಿತ್ತು. ಬಂದವರಿಗೆ ನಡುವೆ ಜಾಗ ಬೇಕು ಅನ್ನುವುದು ಅವರ ಹಟ. ಗಾಯಗೊಂಡವರು, ಕೆಲಸ ಹೋದವರು ಬಂದು ಬಾಯಿ ತೆರೆಯುವಷ್ಟರಲ್ಲಿ ಇವರು ಕನ್ನಡಕ ಹಣೆಗೇರಿಸಿ, "ಬಾಯಿಲೆ ಹೇಳಬ್ಯಾಡ, ಮಾಡಿ ತೋರ್ಸು" ಎನ್ನುತ್ತಿದ್ದರು. ಹಮಾಲಿಯೊಬ್ಬ ಅಲ್ಲಿ ಇಲ್ಲದ ಮೂಟೆ ಹೊತ್ತು ನಡೆದದ್ದನ್ನು ನೋಡಿದ್ದೇನೆ. ಇದರಿಂದ ಇವರಿಗೇನು ಸಿಗುತ್ತದೆ ಎಂದು ನನಗೆ ಕುತೂಹಲ.

ಕೋಸಗಿಯ ಹೆಂಗಸೊಬ್ಬಳ ಬಲಗೈ ಬೆರಳುಗಳು ಹತ್ತಿ ಮಿಲ್ಲಿನ ಯಂತ್ರಕ್ಕೆ ಸಿಕ್ಕಿ ತುಂಡಾಗಿದ್ದವು. ಪರಿಹಾರದ ವಿಚಾರಣೆಯಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ಮಿಲ್ಲಿನ ಮೇಸ್ತ್ರಿ, "ಈಕಿ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ರಿ ಸಾರ್, ಈಕಿ ಮಾರಿನೇ ನೋಡಿಲ್ಲ ನಾನು" ಎಂದು ಸಾಧಿಸಿದ. ವಕೀಲರು ವಾದಕ್ಕಿಳಿಯಲಿಲ್ಲ.

"ಹತ್ತಿ ಹೆಂಗ ಹಾಕ್ತಿದ್ದಿ, ಮಾಡಿ ತೋರ್ಸವ್ವಾ."

ಆಕೆ ಬಗ್ಗಿ, ಗಾಳಿಯಲ್ಲೇ ಹತ್ತಿ ಬಾಚಿ, ಯಂತ್ರದೊಳಕ್ಕೆ ನೂಕಿದಳು.

"ಅಷ್ಟು ಒಳಗ ಕೈ ಹಾಕಬ್ಯಾಡ ಅಂತ ಎಷ್ಟ್ ಸಲ ಹೇಳೀನಿ ನಿನಗ!" ಮೇಸ್ತ್ರಿ ರೇಗಿಬಿಟ್ಟ.

ಗೆದ್ದೆವು ಅಂದುಕೊಂಡು ನಾನು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದೆ. ವಕೀಲರು ಇನ್ನೂ ಮುಗಿಸಿರಲಿಲ್ಲ.

"ಈಗ ತುರುಬು ಕಟ್ಟಿ ತೋರ್ಸವ್ವಾ" ಎಂದರು ಮೆಲ್ಲಗೆ.

ಆಕೆ ಎರಡೂ ಕೈ ತಲೆಯ ಹಿಂದಕ್ಕೆ ಒಯ್ದಳು. ಕೂದಲು ಜಾರಿ ಬಿತ್ತು. ಮತ್ತೆ ಸುತ್ತಿದಳು, ಮತ್ತೆ ಜಾರಿತು.

"ಆಗವಲ್ದ್ರೀ" ಎಂದಳು.

ಸಾಕಮ್ಮಾ ಸಾಕು ಎಂದು ಅಧಿಕಾರಿ ಮುಖ ತಿರುಗಿಸಿದರು. ವಕೀಲರು ಸಾಕು ಅನ್ನಲಿಲ್ಲ.