ವಿಮಾನ ಹತ್ತದ ಕೊಬ್ಬರಿ

ಹುಬ್ಬಳ್ಳಿ ನವನಗರದ ಆ ಓಣಿಯಲ್ಲಿ ಯಾರ ಮನೆಯ ಹೆಣ್ಣುಮಗಳಿಗೆ ಉಡಿ ತುಂಬಬೇಕಾದರೂ ಮೊದಲ ಕರೆ ಸಂಗವ್ವನಿಗೆ. ಅಕ್ಕಿಯ ಮೇಲೆ ಅಡಿಕೆ, ಉತ್ತತ್ತಿ, ಅರಿಶಿಣ ಕೊಂಬು, ಕೊಬ್ಬರಿ ಬಟ್ಟಲು, ಎಲ್ಲ ಐದೈದು. ಒಂದು ಕಾಳೂ ನೆಲಕ್ಕೆ ಬೀಳದ ಹಾಗೆ ಸೆರಗಿಗೆ ಹಾಕುವುದು ಅವಳ ಕೈಗೇ ಗೊತ್ತು. ಅಂಥವಳು ಸ್ವಂತ ಮಗಳ ಮನೆಗೆ ಹೋಗಿ ಒಮ್ಮೆಯೂ ಅವಳ ಉಡಿ ತುಂಬಿರಲಿಲ್ಲ ಅಂದರೆ ನಂಬುತ್ತೀರಾ?

ಅದಕ್ಕೆ ಕಾರಣ ಅರಬೈಲು ಘಟ್ಟ. ಮಗಳು ದಾಕ್ಷಾಯಿಣಿ ಮಂಗಳೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಲ್ಲಿಗೆ ಹೋಗಬೇಕೆಂದರೆ ಘಟ್ಟ ಇಳಿದು ಅಂಕೋಲೆ ಮುಟ್ಟಿ, ಆಮೇಲೆ ಸಮುದ್ರದ ಗುಂಟ ಹೊತ್ತು ಮುಳುಗುವ ತನಕ ಕೂತಿರಬೇಕು. ಸಂಗವ್ವನಿಗೋ ಗಾಡಿ ಎರಡು ತಿರುವು ತಿರುಗಿದರೆ ಕರುಳು ಬಾಯಿಗೆ ಬರುತ್ತಿತ್ತು. ಮಗಳ ಗೃಹಪ್ರವೇಶಕ್ಕೆ ಹೊರಟವಳು ಯಲ್ಲಾಪುರದಲ್ಲೇ ಇಳಿದು, ನಿಂಬೆಹಣ್ಣು ಮೂಸುತ್ತ ಹುಬ್ಬಳ್ಳಿ ಬಸ್ಸು ಹತ್ತಿದಳು. ಅವತ್ತು ಸಂಜೆ ದಾಕ್ಷಾಯಿಣಿ ಫೋನಿನ ಮುಂದೆ ಸೆರಗೊಡ್ಡಿ, "ಇಲ್ಲೇ ತುಂಬಬೇ ಯವ್ವಾ" ಅಂದಳು. ಸಂಗವ್ವ ತನ್ನ ಮನೆಯಲ್ಲಿ ಕೂತು ಫೋನಿನ ಮೇಲೆ ಅಕ್ಕಿ ಹಾಕಿದಳು. ಇಬ್ಬರೂ ನಕ್ಕರು. ಫೋನ್ ಇಟ್ಟ ಮೇಲೆ ಇಬ್ಬರೂ ಅತ್ತರು.

ಈಗ ಮಗಳು ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ, ಬಳೆ, ಉಡಿ ಎಲ್ಲ ತವರಿನಿಂದಲೇ ಬರಬೇಕು. ಅವಳು ಪ್ರಯಾಣ ಮಾಡಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಗ ಸಂಗವ್ವನ ಗಂಡ ಶಾಂತಯ್ಯ, ನಲವತ್ತು ವರ್ಷ ಅರಳೆ ವ್ಯಾಪಾರ ಮಾಡಿದ ಮನುಷ್ಯ, ಯಾರಿಗೂ ಹೇಳದೆ ಎರಡು ವಿಮಾನದ ಟಿಕೀಟು ತೆಗೆಸಿಕೊಂಡು ಬಂದ.

"ತಾಸಿನ ದಾರಿ. ಘಟ್ಟ ಕೆಳಗ ಇರತೈತಿ, ನೀ ಮ್ಯಾಲ ಇರತಿ."

"ಮ್ಯಾಲ ಹೋದಮ್ಯಾಲ ವಾಂತಿ ಬಂದ್ರ ಇಳಸ್ತಾರೇನ್ರಿ?"

"ಇಳಸಂಗಿಲ್ಲ. ಅದಕ್ಕ ತಗಸೇನಿ!"

ವಿಮಾನ ನಿಲ್ದಾಣದಲ್ಲಿ ಚೀಲ ತೂಗುವ ಕಡೆ ಫರಹತ ಎಂಬ ಹುಡುಗಿ ಕೇಳಿದಳು, "ಅಮ್ಮಾರ, ಚೀಲದಾಗ ಒಣಕೊಬ್ಬರಿ ಏನರ ಐತೇನ್ರಿ?"

ಆಹಾ, ಎಂಥ ತಿಳಿದ ಹುಡುಗಿ! ಸಂಗವ್ವನ ಮುಖ ಅರಳಿತು. "ಐತ್ರಿ! ಐದು ಬಟ್ಟಲಾ, ಉಪ್ಪಿನಬೆಟಗೇರಿ ಸಂತ್ಯಾಗ ನಾನ ಆರಿಸಿ ತಂದದ್ದು."

"ಅದನ್ನ ಒಯ್ಯಾಕ ಬರಂಗಿಲ್ರಿ. ಎಣ್ಣಿ ಇರತೈತಿ, ಲಗೂ ಬೆಂಕಿ ಹತ್ತತೈತಿ."

"ಉಡಿಗೆ ಹಾಕೂ ಕೊಬ್ಬರಿಗೆ ಬೆಂಕಿಯಾ? ಏನ್ ಮಾತ ಆಡ್ತೀರಿ!" ಸಂಗವ್ವ ರೇಗಿದಳು, ಬೇಡಿದಳು, ಹಿಂದಿನ ಸಾಲಿನವರಿಗೂ ನ್ಯಾಯ ಕೇಳಿದಳು. ಕೊಬ್ಬರಿಯಿಲ್ಲದ ಉಡಿ ಉಡಿಯೇ ಅಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ಪಾಪ, ಫರಹತಳಾದರೂ ಏನು ಮಾಡಿಯಾಳು? ಕಡೆಗೆ ಸಂಗವ್ವ ಐದೂ ಬಟ್ಟಲು ಮೇಜಿನ ಮೇಲಿಟ್ಟು, "ಕಸಕ್ಕ ಒಗಿಬ್ಯಾಡ್ರಿ, ಬೆಲ್ಲ ಕೂಡಿಸಿ ತಿನ್ರಿ" ಅಂದಳು. ಕಣ್ಣು ತುಂಬಿದ್ದವು.

ವಿಮಾನದಲ್ಲಿ ನಿಂಬೆಹಣ್ಣು ಮೂಗಿಗೆ ಒತ್ತಿ, ಕಣ್ಣು ಬಿಗಿದು ಕೂತಳು. ಹೊಟ್ಟೆ ಸುಮ್ಮನೇ ಇತ್ತು. ಎಷ್ಟೋ ಹೊತ್ತಿಗೆ ಶಾಂತಯ್ಯ ಮೊಣಕೈಯಿಂದ ತಿವಿದಾಗ ಕಣ್ಣು ಬಿಟ್ಟಳು. ಕೆಳಗೆ ಸಮುದ್ರ, ಅದರ ಪಕ್ಕ ನೂಲಿನೆಳೆಯಂಥ ರಸ್ತೆ.

"ಇಷ್ಟ ದಾರಿಗೆ ನಾ ಇಷ್ಟು ವರ್ಷ ಅಂಜಿದ್ನೇನ್ರಿ!" ಎಂದು ಜೋರಾಗಿಯೇ ಅಂದುಬಿಟ್ಟಳು. ಮುಂದಿನ ಸೀಟಿನವರೂ ನಕ್ಕರು.

ಆ ಸಂಜೆ ದಾಕ್ಷಾಯಿಣಿ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು ಮಣೆಯ ಮೇಲೆ ಕೂತಳು. ತಟ್ಟೆಯಲ್ಲಿ ಕೊಬ್ಬರಿಯ ಜಾಗ ಖಾಲಿ. ಅಂಗಡಿಯಿಂದ ತರುತ್ತೇನೆಂದು ಅಳಿಯ ಚಪ್ಪಲಿ ಮೆಟ್ಟಿದ.

"ಬ್ಯಾಡ್ರಿ. ಅದು ತವರಿಂದನ ಬರಬೇಕು" ಎಂದ ಸಂಗವ್ವ ಸುತ್ತ ನೋಡಿದಳು. ಹಿಂದಿನ ದಿನ ಕರಿದು ತಂದ ಕರ್ಚಿಕಾಯಿಯ ಡಬ್ಬಿ ಕಣ್ಣಿಗೆ ಬಿತ್ತು. ಅಯ್ಯ ಶಿವನೇ! ಅವುಗಳ ಹೊಟ್ಟೆಯೊಳಗೆ ಇದ್ದದ್ದು ಅದೇ ಸಂತೆಯ ಕೊಬ್ಬರಿ. ತಾನೇ ಕೂತು ಹೆರೆದು, ಸಕ್ಕರೆ ಬೆರೆಸಿ ತುಂಬಿದ್ದಳು. ಅದನ್ನು ಯಾರೂ ತಡೆದಿರಲಿಲ್ಲ.

ಸೆರಗಿಗೆ ಅಕ್ಕಿ ಹಾಕಿದಳು, ಅಡಿಕೆ, ಉತ್ತತ್ತಿ, ಅರಿಶಿಣ ಕೊಂಬು ಇಟ್ಟಳು. ಆಮೇಲೆ ಒಂದೊಂದಾಗಿ ಐದು ಕರ್ಚಿಕಾಯಿ. ಸೆರಗು ಜಗ್ಗಿತು.

"ಯವ್ವಾ, ಭಾಳ ವಜ್ಜಾ ಆತಬೇ."

"ಆಗಲಿ ಬಿಡು. ಅವತ್ತ ಫೋನಿಗೆ ಹಾಕಿದ್ದೂ ಸೇರಿ ಬಂದೈತಿ."

ದಾಕ್ಷಾಯಿಣಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಸಂಗವ್ವನೇ ಒರೆಸಿದಳು.